ದೊಣೆಯಲ್ಲಿ ಕಡಲಿನ ನೆಂಟ

ಬೀರುವಿನ ಮೇಲಿನ ತಟ್ಟಿನಲ್ಲಿ ಒಂದು ಕಡಲಹೂವು
ನಾನು ಕೆಲಸಕ್ಕೆ ಸೇರುವ ಮೊದಲಿಂದಲೂ
ಫಾರ್ಮಲಿನ್ನಿನಲ್ಲಿ ಕೂತಿದೆ.
ಹಿತುಕಿ ಬಿಸಾಡಿದ ಅವರೆ ಸಿಪ್ಪೆಯ ಬಣ್ಣ.
ಚೀಟಿಯಲ್ಲಿ ಊರಿನ ಹೆಸರು ಅಳಿಸಿದೆ,
'ಚಳಿ ಸೀಮೆಯ ತೀರ' ಎಂಬಷ್ಟು ಉಳಿದಿದೆ.
ಅದರ ಧೂಳು ಒರೆಸುವುದು ನನ್ನ ಕೆಲಸ.

'ಇದು ಹಸಿರಾಗಿತ್ತು ಸುಂಕಮ್ಮ' ಎಂದರು ಫರ್ಹಾನಾ ಮೇಡಂ,
'ತನ್ನ ಹಸಿರಲ್ಲ. ಮೈಯೊಳಗೆ ಪಾಚಿ ಸಾಕಿತ್ತು.
ಅಲೆ ಹಿಂದೆ ಸರಿದಾಗ
ಬಂಡೆಯ ತಗ್ಗುನೀರಿನಲ್ಲಿ ಕೈಯೆಲ್ಲ ಬಿಸಿಲಿಗೆ ಚಾಚಿ ಕೂರುತ್ತಿತ್ತು,
ಒಳಗಿರುವವರಿಗಾಗಿ.'

ನಾನು ಕಡಲು ನೋಡಿದವಳಲ್ಲ.
ಕೋಲಾರದ ಬಸ್ಸು, ಮದನಪಲ್ಲಿ ಬಸ್ಸು,
ಚಿಂತಾಮಣಿಯಿಂದ ನನಗಿರುವುದು ಎರಡೇ ದಿಕ್ಕು.
'ಹಾಗಾದರೆ ಅದರ ನೆಂಟನನ್ನಾದರೂ ನೋಡು' ಎಂದು
ಗಂಗುಲಪ್ಪನನ್ನು ಅಂಬಾಜಿದುರ್ಗ ಹತ್ತಿಸಿದರು.

ನೆತ್ತಿಯ ದೊಣೆಯಿಂದ ಎರಡು ಉಪ್ಪಿನಕಾಯಿ ಬಾಟಲು ನೀರು,
ಒಂದಿಷ್ಟು ಎಲೆ, ಮಂಡಿಯ ಮೇಲೆ ತರಚು.
'ಏನೂ ಇಲ್ಲ ಮೇಡಂ, ಬರೀ ನೀರು' ಎಂದ.

ಮೂರನೆಯ ದಿನ
ಬೆಳಕಿನ ಕಡೆಯ ಗಾಜಿಗೆ ಹಸಿರು ದಾರದ ಚೂರುಗಳು.
ರವಿಕೆ ಹೊಲಿದು ಎದ್ದಾಗ ಸೆರಗಿಗೆ ಅಂಟಿ ಬರುತ್ತವಲ್ಲ, ಅಂಥವು.
ಹೈಡ್ರಾ.
ಬಾಟಲು ತಟ್ಟಿದೆ, ಮುದುಡಿ ಸಾಸಿವೆಯಾದವು.
ಉಸಿರು ಹಿಡಿದೆ, ಬಿಚ್ಚಿಕೊಂಡವು.
ಒಂದರ ಕೈಗಳನ್ನು ಎಣಿಸಿದೆ: ಒಕಟಿ, ರೆಂಡು, ಮೂಡು...
ರಿಜಿಸ್ಟರಿನಲ್ಲಿ ಬರೆದೆ: ಆರು.
ಎಣಿಸುವಾಗ ಮಾತ್ರ ನನಗೆ ಅಮ್ಮನ ಬಾಯಿ ಬರುತ್ತದೆ.
ಈ ಊರಲ್ಲಿ ಅದನ್ನು ಯಾರೂ ಏಕೆಂದು ಕೇಳುವುದಿಲ್ಲ.

'ಕಡಲಿನ ನೆಂಟನಿಗೆ ಚಿಟಿಕೆ ಉಪ್ಪು ಹಾಕಲಾ?'
'ಸತ್ತೇ ಹೋಗುತ್ತೆ' ಎಂದರು ಮೇಡಂ.
ನೆಂಟಸ್ತನ ಎಂದರೆ ಅಷ್ಟೇ.

ಆಮೇಲೆ ಕಣ್ಣನ್ನು ಕೊಳವೆಗೆ ಒತ್ತಿಸಿದರು.
ಕೂದಲೆಳೆಯಂಥ ಆ ಮೈಯೊಳಗೆ
ದಾಳಿಂಬೆ ಒಡೆದಂತೆ ಸಾಲು ಸಾಲು ಹಸಿರು ಗುಂಡು.
ಎಂದೋ ಇದರ ಮುತ್ತಜ್ಜಿ ತಿನ್ನಲೆಂದು ನುಂಗಿದ್ದಂತೆ.
ಅರಗಲಿಲ್ಲ, ಹೊರಗೂ ಹೋಗಲಿಲ್ಲ.
ಈಗ ಬಿಸಿಲಲ್ಲಿ ಸಕ್ಕರೆ ಮಾಡಿ ಕೊಡುತ್ತದೆ.
'ಬಾಡಿಗೆಯಾ?' ಎಂದೆ.
ತಿಂಗಳ ಐದನೇ ತಾರೀಕು ಹತ್ತಿರವಿತ್ತು, ನನಗೆ ಹೊಳೆದದ್ದು ಅದೇ.
ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.
'ಯಾರು ಯಾರಲ್ಲಿ ಇದ್ದಾರೋ,
ಅದರ ಲೆಕ್ಕ ಇನ್ನೂ ಮುಗಿದಿಲ್ಲ.'

ದಸರಾ ರಜೆಗೆ ಬೀಗ ಹಾಕುವ ಗಡಿಬಿಡಿಯಲ್ಲಿ
ಒಂದು ಬಾಟಲನ್ನು ಕತ್ತಲ ಬೀರುವಿಗೆ ಸೇರಿಸಿದ್ದೆ.
ತಪ್ಪು ನನ್ನದೇ, ಮೇಡಂಗೆ ಹೇಳಿಲ್ಲ.
ಹದಿನೇಳು ದಿನಕ್ಕೆ ತೆಗೆದು ನೋಡಿದರೆ ಬದುಕಿದ್ದವು,
ನಾಲ್ಕೋ ಐದೋ, ಬಡಕಲು,
ಸಾವಿರ ಸಲ ಒಗೆದ ಲಂಗದ ಹಸಿರು.
ಒಳಗಿನವರನ್ನು ಇನ್ನೂ ಬಿಟ್ಟಿರಲಿಲ್ಲ.
ಅಥವಾ ಅವರೇ ಇವನ್ನು.

ಅವತ್ತಿನಿಂದ ಬೆಳಿಗ್ಗೆ ಪೂರ್ವದ ಕಿಟಕಿ,
ಊಟದ ಹೊತ್ತಿಗೆ ನಡುವಿನ ಮೇಜು,
ಮೂರು ಗಂಟೆಗೆ ಸಿಂಕಿನ ಪಕ್ಕದ ಕಟ್ಟೆ.
ಬಿಸಿಲು ಸರಿದಂತೆ ಬಾಟಲು ಹೊತ್ತು ತಿರುಗುತ್ತೇನೆ.
ಗಂಗುಲಪ್ಪ ನಗುತ್ತಾನೆ: 'ಏನಕ್ಕಾ, ಮಗೂನಾ?'
ಮಗು ಎತ್ತಿದ ಕೈಗೆ ಇಷ್ಟು ಜಾಗ್ರತೆ ಇರಲಿಲ್ಲ, ಅವನಿಗೇನು ಗೊತ್ತು.

ನಿನ್ನೆ ಸ್ಟೂಲು ಹಾಕಿಕೊಂಡು
ಆ ಹಳೆಯ ಜಾಡಿಯನ್ನೂ ಇಳಿಸಿದೆ.
ಕಟ್ಟೆಯ ಮೇಲೆ, ನೆಂಟನ ಪಕ್ಕ, ಬಿಸಿಲಿಗೆ ಇಟ್ಟೆ.
ಏನೂ ಆಗುವುದಿಲ್ಲ, ಗೊತ್ತು.
ನಾಲ್ಕರ ಬೆಲ್ಲು
ಎರಡು ನಿಮಿಷ ತಡವಾಗಿ ಹೊಡೆದೆ.