ಮೂರು ಪಾಯಿಂಟ್ ಆರು

ಐವತ್ತು ಗ್ರಾಂ ಹಸಿ ಮರಳು ತೂಗತೀನಿ.
ಬಟ್ಟಲದಾಗ ಕಾಸಿ, ಆರಿಸಿ, ಮತ್ತ ತೂಗತೀನಿ:
ನಲವತ್ತೆಂಟು ಪಾಯಿಂಟ್ ಎರಡು.
ಕಮ್ಮಿ ಬಿದ್ದದ್ದು ನೀರು.
ನೂರಕ್ಕ ಮೂರು ಪಾಯಿಂಟ್ ಆರು ಅಂತ ವಹಿಯೊಳಗ ಬರದು
ಕೆಳಗ ಸಹಿ ಮಾಡತೀನಿ: ಕ. ಬಾ. ಹಂಚಿನಮನಿ.
ಉದ್ಯಮಬಾಗದ ಈ ಫೌಂಡ್ರಿಯೊಳಗ
ಹದಿನಾಲ್ಕು ವರ್ಷದಿಂದ ನನ್ನ ಹೆಸರು ಅಷ್ಟ ಸಣ್ಣದು.

ನೀರು ಕಮ್ಮಿ ಆದ್ರ ಅಚ್ಚು ಉದುರತದ,
ಹೆಚ್ಚಾದ್ರ ಎರಕದ ಹೊಟ್ಟ್ಯಾಗ ಗುಳ್ಳಿ.
ಮ್ಯಾಲಿಂದ ನೋಡಿದ್ರ ಗೊತ್ತಾಗೂದಿಲ್ಲ,
ಕೊರದಾಗಷ್ಟ ಕಾಣತದ.

ರಾಜಕೋಟದಿಂದ ಪತ್ರ ಬಂದದ.
ಲ್ಯಾಬಿಗೆ ಇನ್‌ಚಾರ್ಜ್, ಕೈಕೆಳಗ ನಾಲ್ಕು ಮಂದಿ,
ನಲವತ್ತೊಂದು ಸಾವಿರ, ಇರಾಕ ಒಂದು ಖೋಲಿ.
ಇಲ್ಲಿ ಇಪ್ಪತ್ಮೂರೂವರಿ.
ಪಾಚ್ಛಾಪುರೆ ಸಾಹೇಬ್ರಿಗೆ ಹೇಳಿದ್ರ
"ಐನೂರು ಹೆಚ್ಚಿಗಿ ಕೊಡಸ್ತೀನಿ, ತಡಿ" ಅಂದ್ರು.
ಐನೂರು ಅನ್ನೂಮುಂದ ಅವರ ಕಣ್ಣು ಗೋಡಿ ಕಡೆ.

ಬಾಳೇಶ ಡಿಪೋದಿಂದ ಬಂದು
ಗ್ರೀಸ್ ಹತ್ತಿದ ಕೈಲೆ ಪತ್ರ ಎರಡು ಸಲ ಓದಿದ.
ಹಿಂದಿನ ಬದಿಗೆ ಗೀಟು ಎಳದು ಎರಡು ಮನಿ ಮಾಡಿದ.
ಎಡಕ್ಕ ರೊಕ್ಕ, ಹುದ್ದಿ, ಸೈಟಿನ ಕಂತು,
'ನೀ ಇಲ್ಲಿ ಇನ್ನ ಮ್ಯಾಲ ಏರೂದಿಲ್ಲ.'
ಬಲಕ್ಕ ಮೊದಲು 'ನಾನು' ಅಂತ ಬರದು
ಗೀಚಿ ಹಾಕಿದ. 'ಊಟ' ಅಂತ ಬರದ.
ಅವನ ನೌಕರಿ ಸಾರಿಗಿ ಬಸ್ಸಿನ ಹೊಟ್ಟಿ ಕೆಳಗ.
"ನಮ್ಮ ಗಾಡಿ ಮುಂಬೈತನಾ ಹೋಗತಾವ.
ಅದರಾಚೆ ನನ್ನ ಪಾನಾ ನಡಿಯೂದಿಲ್ಲ" ಅಂದು ನಕ್ಕ.

ಸಮೀಕ್ಷಾ ಏಳನೆತ್ತೆ.
ಒಯ್ದ್ರ ಹೊಸ ಅಕ್ಷರ ತಿದ್ದಬೇಕು,
ಮುಂದ ಇಲ್ಲಿ ಸೀಟು ಕೇಳಾಕ ಬಂದ್ರ
ಹೊರಗಿನಕಿ ಅಂತಾರಂತ. ಮೋರೆ ಮಾಮಿಯ ಕಾನೂನು.
ಬಿಟ್ಟು ಹೋದ್ರ
ಇವತ್ತಿಲ್ಲ ನಾಳಿ ಅಕಿಗೆ ಮುಟ್ಟು ಸುರುವಾಗತದ.
"ಆ ದಿನ ಯಾವ ಅಂಗಡಿಗೆ ಹೋಗಿ ಏನು ಕೇಳಬೇಕು
ಗೊತ್ತೇನು ನಿನಗ?" ಅಂದೆ ಬಾಳೇಶಗ.
"ಇದನ್ನ ಯಾವ ಮನಿಯೊಳಗ ಬರೀತಿ?"
ಅವ ಪೆನ್ನಿನ ಟೊಪ್ಪಿಗಿ ಹಾಕಿದ.

ಮಗಳನ್ನ ಕೇಳಿದ್ರ:
"ಅಲ್ಲಿ ಸಮುದ್ರ ಅದೇನು?"
"ರಾಜಕೋಟದಾಗಿಲ್ಲ."
"ಮತ್ತ್ಯಾಕ?" ಅಂದು ಗಣಿತದ ವಹಿ ತಗದಳು.

ಬಾಳೇಶನ ಅಜ್ಜಿ ಸಾತವ್ವ, ಎಂಬತ್ತೇಳು,
ಎಲಿಗೆ ಸುಣ್ಣ ಹಚ್ಚಕೋತ ಎಲ್ಲಾ ಕೇಳಿದಳು.
"ನಾನೂ ರಾಜ್ಯ ಬದಲ ಮಾಡೀನಿ,
ಈ ಮಜಗಾಂವ ಬಿಡಲಾರದ.
ಲಗ್ನ ಆಗಿ ಬಂದಾಗ ಮುಂಬಯಿ ಸರಕಾರ.
ಒಂದಿನ ಕಸಾ ಹೊಡಿಯೂಮುಂದ ನಿಮ್ಮಜ್ಜ ಬಂದು
ಇವತ್ತಿಂದ ನಾವು ಮೈಸೂರು ಅಂದಾ.
ನೀರು ತರೂ ಬಾಂವಿ ಯಾವುದು, ಅಂತ ಕೇಳಿದೆ.
ಅದ ಬಾಂವಿ, ಅಂದಾ.
ಹಂಗಾದ್ರ ಆಗಲಿ ಅಂದೆ."
ಎಲಿ ಬಾಯಿಗಿಟ್ಟು, "ಅಲ್ಲಿ ಎಲಿ ಹೆಂಗ ಕೊಡತಾರ?"

ಆ ಬಾಂವಿ ಸೇದಿ ಸೇದಿ ಸೊಂಟ ಬಾಗಿದ್ದು ಹೇಳಲಿಲ್ಲ.
ಅಕಿನ್ನ ಯಾರೂ ಕೇಳಿರಲಿಲ್ಲ.
ನನ್ನ ಕೇಳ್ಯಾರ.
ಅದಕ್ಕ ನಿದ್ದಿ ಬರವಲ್ಲದು.

ಶನಿವಾರ ಫೋನು. ಹಿಂದಿಯೊಳಗ, ಮೇಡಂ ಅಂತ.
ರಜಾ ಎಷ್ಟು, ಊರಿಗೆ ಬರಾಕ ರೈಲು ಎಷ್ಟು ತಾಸು,
ಕೇಳಬೇಕಾದ್ದು ಚೀಟ್ಯಾಗ ಬರಕೊಂಡಿದ್ದೆ.
ಬಾಯಿಂದ ಬಂದದ್ದು:
"ನಿಮ್ಮ ಮರಳಿನ ತೇವ ಎಷ್ಟು ಇಡತೀರಿ?"
ಆ ಕಡೆ ಸ್ವಲ್ಪ ಸುಮ್ಮ. ಹಿಂದ ಯಂತ್ರದ ಸಪ್ಪಳ,
ನಮ್ಮದರ ಹಂಗ, ತುಸು ಜೋರು.
"ಮೂರೂವರಿ ಇರಬೇಕು, ನಾಕೂ ಇರಬಹುದು.
ಸರಿಯಾಗಿ ನೋಡೋರಿಲ್ಲ,
ಅದಕ್ಕ ನಿಮ್ಮನ್ನ ಕರದದ್ದು."

ಸೋಮವಾರ ಹೇಳತೀನಿ ಅಂದೀನಿ.

ಇವತ್ತು ರವಿವಾರ. ಸಂಜಿಗೆ ಬಾಳೇಶ
ಮೆಡಿಕಲ್ಲಿನಿಂದ ಪೇಪರ್ ಸುತ್ತಿದ ಪ್ಯಾಕೆಟ್ ಒಂದು ತಂದು
ಕಪಾಟಿನ್ಯಾಗ, ಸಮೀಕ್ಷಾನ ಅಂಗಿ ಹಿಂದ, ಇಟ್ಟ.
ನನ್ನ ಕಡೆ ನೋಡಲಿಲ್ಲ.
ಆಮ್ಯಾಲ ಬಿಚ್ಚಿ ನೋಡಿದೆ.
ಗಾತ್ರ ತಪ್ಪ ತಂದಾನ, ಭಾಳ ದೊಡ್ಡದು.
ಬದಲ ಮಾಡಿಸು ಅನ್ನಲಿಲ್ಲ,
ಇರಲಿ ಬಿಡು ಅಂತನೂ ಅನ್ನಲಿಲ್ಲ.
ಹೆಂಗಿತ್ತೋ ಹಂಗ ಸುತ್ತಿ ಇಟ್ಟೆ.