ಪರೀಕ್ಷೆಯ ಪದ

ಗಾಜು ಬದಲಿಸಿದ ಮೇಲೆ
ಬೆರಳು ತಾಗುತ್ತದೋ ಇಲ್ಲವೋ ನೋಡಲು
ಎಲ್ಲರ ಫೋನಿನಲ್ಲೂ ಒಂದೇ ಪದ ಬರೆದು ಹುಡುಕುತ್ತೇನೆ: ಕಾಳಿ.
ಕೋಡಿಬಾಗದಲ್ಲಿ ಅಂಗಡಿ. ಬಾಗಿಲಿಗೆ ಬೆನ್ನು ಹಾಕಿ ಕೂತರೂ
ಹೊಳೆಯ ವಾಸನೆ; ಬೇರೆ ಪದ ಹೊಳೆಯುವುದಿಲ್ಲ.

ರೋಹಿದಾಸ ಬಾನಾವಳಿಯ ಫೋನಿನಲ್ಲಿ
ಕಾಳಿ ನಾಲಿಗೆ ಚಾಚಿದಳು,
ಕೆಳಗೆ ತಾಯಿತ, ಎರಡು ಕೊಂಡರೆ ಒಂದು ಉಚಿತ.
ಇನಾಸನ ಫೋನಿನಲ್ಲಿ ಗಣೇಶಗುಡಿಯ ನೊರೆ,
ಹಳದಿ ದೋಣಿ, ಹೆಲ್ಮೆಟ್ಟು, ತಿಂಡಿ ಸೇರಿ ತಲೆಗಿಷ್ಟು.
ಪಿಯುಸಿ ಹುಡುಗಿ ಮುಬೀನಾಳದರಲ್ಲಿ
ಉದ್ದ ಎಷ್ಟು, ಅಣೆಕಟ್ಟು ಎಷ್ಟು, ಮೆಗಾವಾಟ್ ಎಷ್ಟು,
ನಾಲ್ಕರಲ್ಲಿ ಸರಿಯುತ್ತರ ಆರಿಸಿ.
ಲಾರಿಯ ಸುರೇಂದ್ರ ಪಡ್ತಿಗೆ
ಕುಸಿದ ಸೇತುವೆ, ಮತ್ತೆ ಕುಸಿದ ಸೇತುವೆ, ನಡುನಡುವೆ ವಿಮೆ.

ಮೇಜಿನ ಮೇಲೆ ಸಾಲಾಗಿ ನಾಲ್ಕು ಕಾಳಿಯರು.
ಒಬ್ಬಳಿಗೆ ಇನ್ನೊಬ್ಬಳ ಪರಿಚಯವಿಲ್ಲ.

ಅಪ್ಪ ರಂಪಣಿ ಎಳೆಯುತ್ತಿದ್ದ ಕಾಲಕ್ಕೆ
ಬಂಗಡೆ ಬೇಕೆಂದು ಬಿಟ್ಟ ಬಲೆಯಲ್ಲಿ
ಲೋಳೆಮೀನು, ಕಡಲಹಾವು, ಒಂದು ಸಲ
ಯಾರದೋ ಹೆಸರು ಕೊರೆದ ತಾಮ್ರದ ಚೊಂಬು.
ಬೇಡದ್ದನ್ನೂ ಮರಳ ಮೇಲೆ ಸುರಿಯುತ್ತಿದ್ದರು,
ಮಕ್ಕಳೆಲ್ಲ ಸುತ್ತ ಕೂತು ನೋಡುತ್ತಿದ್ದೆವು.
ಬಲೆಗೆ ನಮ್ಮ ಹೆಸರು ಗೊತ್ತಿರಲಿಲ್ಲ.

ನನ್ನ ಫೋನಿಗೆ ಗೊತ್ತು. ಕಾಳಿ ಎಂದರೆ
ಕಪ್ಪು ಡಿಸ್‌ಪ್ಲೇ ಅನ್ನುತ್ತದೆ, ಹುಬ್ಬಳ್ಳಿಯ ಸಗಟು ದರ.

ಶನಿವಾರ ಬಂದದ್ದು ಜೋಯಿಡಾ ಕಡೆಯ ಮಾಬಳು ವೇಳಿಪನ ಫೋನು,
ಮೂಲೆಯಲ್ಲಿ ಜೇಡನ ಬಲೆಯಷ್ಟು ಬಿರುಕು.
ಗಾಜು ಕೂರಿಸಿ ಕಾಳಿ ಎಂದು ಬರೆದೆ.
ಇಳಿದ ನೀರು. ಕೆಸರು. ಕೆಸರಿನಿಂದ ಎದ್ದ
ಒಂದು ಮೆಟ್ಟಿಲು, ಅರ್ಧ ಗೋಡೆ.
ಕೆಳಗೆ ಯಾರೋ ಬರೆದಿದ್ದರು:
ಸೂಪಾ ಪೇಟೆ, ನಮ್ಮ ಅಂಗಡಿ ಇದರ ಎಡಕ್ಕೆ.

ಹೊಳೆಯ ಬಾಯಲ್ಲೇ ಹುಟ್ಟಿದವಳು ನಾನು,
ಮೇಲೆಲ್ಲೋ ಒಂದು ಪೇಟೆ ಅದರ ಹೊಟ್ಟೆಯೊಳಗಿದೆ ಎಂದು
ನಲವತ್ತೆರಡು ವರ್ಷ ಯಾವ ಗಾಜೂ ಹೇಳಿರಲಿಲ್ಲ.
ನಾನೂ ಕೇಳಿರಲಿಲ್ಲ, ಅದೂ ನಿಜ.

ಮಾಬಳು ಬಂದಾಗ ಕೇಳಿದೆ. ಸ್ಟೂಲು ಎಳೆದುಕೊಂಡು ಕೂತ.
ಮೂವರು ಗಿರಾಕಿಗಳು ಕಾದು ಕಾದು ವಾಪಸಾದರು.
ದುಡ್ಡು ಕೊಡುವುದನ್ನು ಅವನೂ ಮರೆತ, ನಾನೂ.

ರಾತ್ರಿ ನನ್ನ ಫೋನಿನಲ್ಲಿ ಬರೆದೆ: ಸೂಪಾ.
ಬೆಳಗಾಗುವುದರೊಳಗೆ ಅದಕ್ಕೆ ನಾನು ಅರ್ಥವಾಗಿಬಿಟ್ಟಿದ್ದೆ.
ಈಗ ಕಾಳಿ ಎಂದರೂ ಸೂಪಾ, ಮಳೆ ಎಂದರೂ ಸೂಪಾ,
ಸಾರಿಗೆ ಏನು ಹಾಕಲಿ ಎಂದರೂ ಮುಳುಗಿದ ಊರುಗಳು
ಒಂದರ ಕೆಳಗೊಂದು.

ದೇವಿಯ ಮುಖ ನೋಡಬೇಕೆನಿಸಿದರೆ
ರೋಹಿದಾಸನ ಫೋನು ಮತ್ತೆ ಬಿದ್ದು ಒಡೆಯಲಿ ಎಂದು
ಕಾಯಬೇಕು.