ಚಾಲಕರೂ ಸೇರಿ ಎರಡು

ಕೊಟ್ಟವರು ರಾಬರ್ಟ್‌ಸನ್‌ಪೇಟೆಯ ಸೆಲ್ವನಾಥನ್.
ಹಡಗಿನ ಇಂಜಿನ್ ರೂಮಿನಲ್ಲಿ ಮೂವತ್ತು ವರ್ಷ ಬೆವೆತು
ಕೋಬೆ ಬಂದರಿನಿಂದ ತಂದುಕೊಂಡದ್ದು ಇದೊಂದೇ.
ತಗಡಿನ ಶೆಡ್ಡು, ಹಳೇ ಬೆಡ್‌ಶೀಟು,
ಸರಿಸಿದರೆ ಕೆಳಗೆ
ಮಲಗಿದ ಎಮ್ಮೆಯಷ್ಟೇ ಎತ್ತರ.
"ಇಷ್ಟೇನಾ?" ಅಂದೆ.
"ಇಷ್ಟೇ," ಅಂದರು, ನೊಂದುಕೊಳ್ಳದೆ.

ಎಡಗಾಲು ಈಗ ಕ್ಲಚ್ಚಿಗೆ ಬಗ್ಗುವುದಿಲ್ಲವಂತೆ.
ಚೌಕಾಸಿ ನಾನು ಟೊಮೆಟೊ ಮಂಡಿಯಲ್ಲಿ ಕಲಿತವಳು:
ಕೊಳೆತದ್ದನ್ನು ಮೊದಲು ಎತ್ತಿ ತೋರಿಸಬೇಕು.
ಹಿಂದಿನ ಪ್ಲಾಸ್ಟಿಕ್ ಗಾಜು ಅರಿಸಿನ,
ಬಟ್ಟೆಯ ಮಾಡಿಗೆ ಇಲಿ ಕಡಿದ ಎರಡು ತೂತು,
ಬಾಗಿಲಡಿ ತುಕ್ಕು,
ದೀಪದ ರೆಪ್ಪೆ ಎತ್ತಿದರೆ ಬಲಗಣ್ಣು ತಟ್ಟನೆ,
ಎಡಗಣ್ಣು ಯೋಚನೆ ಮಾಡಿ.
ಒಂದೊಂದಕ್ಕೂ ಹೂಂ ಅಂದರು,
ನನಗಿಂತ ಮೊದಲೇ ಎಣಿಸಿಟ್ಟವರ ಹಾಗೆ.
ನನಗೇ ನಾಚಿಕೆಯಾಗಿ
ಐದೇ ಸಾವಿರ ಇಳಿಸಿ ಕೊಟ್ಟೆ.

ದುಡ್ಡು ಜೇಬಿಗಿಟ್ಟು "ಒಂದು ಸುತ್ತು ಕರಕೊಂಡು ಹೋಗಮ್ಮ" ಅಂದರು.
ಬೇತಮಂಗಲದವರೆಗೆ ಹೋದೆವು.
ಡ್ಯಾಶ್‌ಬೋರ್ಡಿನ ಅಂಚನ್ನು ಸವರಿದರು, ಮತ್ತೆ ಸವರಿದರು.
"ಹತ್ತೊಂಬತ್ತು ವರ್ಷ. ಈ ಕಡೆ ಕೂತದ್ದು ಇವತ್ತೇ."
ವಾಪಸು ಬರುವಾಗ
ಸೈನೈಡ್ ದಿಬ್ಬ ದಾಟುವ ತನಕ ಮಾತಿಲ್ಲ.

ಆರ್‌ಟಿಓ ಆಫೀಸಿನಲ್ಲಿ ಗುಮಾಸ್ತ
ಬಣ್ಣ? ಅಂದ. ಕೆಂಪು, ಅಂದೆ.
ಕಿಟಕಿಯಲ್ಲಿ ಇಣುಕಿ, ಇಟ್ಟಿಗೆ ಅನ್ನಿ ಮೇಡಂ, ಅಂದ.
ಆಸನ?
ಚಾಲಕರೂ ಸೇರಿ ಎರಡು.
"ಇನ್ನೊಂದು ಯಾರಿಗೆ?"
ಆ ಪ್ರಶ್ನೆ ಫಾರಮಿನಲ್ಲಿರಲಿಲ್ಲ.

ವಕ್ಕಲೇರಿಯಲ್ಲಿ ಎಲ್ಲರ ಕೈಯಲ್ಲೂ ಅದೇ ಫಾರಮು.
"ಈ ದುಡ್ಡಿಗೆ ಬೊಲೆರೊ ಬರ್ತಿತ್ತಲ್ಲೇ," ಅತ್ತಿಗೆ ಅಕ್ಕಯಮ್ಮ,
"ಹತ್ತು ಜನ ಕೂತ್ಕೋಬೋದಾಗಿತ್ತು."
ಹತ್ತು ಜನರನ್ನು ನಾನು ಎಲ್ಲಿಂದ ತರಲಿ?
ಟಿಲ್ಲರ್ ರಿಪೇರಿಯ ಬಾಬಾಜಾನ್ ಒಬ್ಬ ಏನೂ ಕೇಳಲಿಲ್ಲ.
"ಜಪಾನಾ? ಜಪಾನು ನಂಗೊತ್ತಕ್ಕ, ಟಿಲ್ಲರೂ ಅಲ್ಲೀದೇ,"
ಪ್ಲಗ್ಗು ಬಿಚ್ಚಿ ಬಿಸಿಲಿಗೆ ಹಿಡಿದು
ಒಂದು ಕಣ್ಣು ಮುಚ್ಚಿದ.

ಕೋಲಾರಕ್ಕೆ ಹದಿನಾಲ್ಕು ಹಂಪು.
ಮುನಿಸಿಕೊಂಡ ನೆಂಟರ ಮುಂದೆ ಹಾದುಹೋಗುವಂತೆ
ಒಂದೊಂದನ್ನೂ ಓರೆಯಲ್ಲಿ ದಾಟಬೇಕು.
ಹಾಲಿನ ಡೈರಿ ಮುಂದಿನದೊಂದು ಮಾತ್ರ
ಹೊಟ್ಟೆ ಕೆರೆಯದೆ ಬಿಟ್ಟ ದಿನವಿಲ್ಲ.
ಸಿಗ್ನಲಿನಲ್ಲಿ ಲಾರಿ ಪಕ್ಕಕ್ಕೆ ಬಂದರೆ
ನನ್ನ ಕಿವಿಯ ಸಮಕ್ಕೆ ಅದರ ಚಕ್ರದ ನಟ್ಟು.
ಆದರೂ ಮಾಡು ಮಡಚಿ, ನಾಲ್ಕನೇ ಗೇರಿಗೆ ಬಿದ್ದು,
ಬೆಳಗಿನ ಆರು ಗಂಟೆಯ ಹೆದ್ದಾರಿ
ಮೂಗಿನೊಳಗೇ ನುಗ್ಗುವಾಗ
ಎಡ ಸೀಟಿನಲ್ಲಿ ಬೆಲ್ಟ್ ಬಿಗಿದುಕೊಂಡ ಸಸಿ ಟ್ರೇ:
ತೊಂಬತ್ತೆಂಟು ಕುಳಿ, ತೊಂಬತ್ತೆಂಟು ಟೊಮೆಟೊ ಕೂಸು,
ಎಲ್ಲವೂ ತಲೆಯಾಡಿಸುತ್ತ.
ನೋಡು ಅಕ್ಕಯಮ್ಮ, ಹತ್ತಲ್ಲ.

ಮಳೆಗಾಲ ಮುಗಿದ ಮೇಲೆ ಎಲ್ಲೋ ಒಂದು ಕಿರಕಿರ.
"ನಾನು ಓಡಿಸ್ತೀನಿ, ನೀವು ಆ ಕಡೆ ಕೂತು ಕೇಳಿ,"
ಬಾಬಾಜಾನ್ ಅಂದ.
ಕೂತೆ. ಈ ಕಡೆಯಿಂದ ಕಾರು ಬೇರೆಯದೇ,
ಹಿಡಿಯಲು ಚಕ್ರವಿಲ್ಲ, ಒತ್ತಲು ಏನೂ ಇಲ್ಲ,
ಕಾಲಿಗೆ ಕೆಲಸವಿಲ್ಲದೆ ಕೈ ತಾನೇ ಮುಂದೆ ಹೋಯಿತು.
ಡ್ಯಾಶ್‌ಬೋರ್ಡಿನ ಅಂಚಿನಲ್ಲಿ
ಉಗುರಿನ ನಾಲ್ಕು ಗುರುತು,
ಬಿದಿಗೆಯ ಚಂದ್ರನಂಥವು, ಆಳವಾಗಿ,
ಒಂದು ದಿನದ್ದಲ್ಲ.
ಯಾರೋ ಇಲ್ಲಿ ಕೂತು,
ಪ್ರತಿ ತಿರುವಿಗೂ ಹೆದರಿ,
ಮರುದಿನ ಮತ್ತೆ ಬಂದು ಕೂತವರು.

ಸೆಲ್ವನಾಥನ್ ಹೇಳಲಿಲ್ಲ.
ಫೋನ್ ನಂಬರಿದೆ, ನಾನೂ ಕೇಳಲಿಲ್ಲ.
ಬೆರಳಿಟ್ಟು ನೋಡಿದೆ. ನನ್ನವು ಸ್ವಲ್ಪ ದಪ್ಪ,
ಮಣ್ಣು ಕಲಸುವ ಬೆರಳು.

"ಭಯಾನಾ ಅಕ್ಕ?" ಬಾಬಾಜಾನ್ ನೋಡಿ ನಕ್ಕ.
"ಇಲ್ಲ, ನೀನು ಓಡಿಸು," ಅಂದೆ.
ಕೈ ಮಾತ್ರ ತೆಗೆಯಲಿಲ್ಲ.
ಮುಂದೆ ಡೈರಿ ಹಂಪು ಬರುತ್ತಿತ್ತು.